ತಾತ ಸೈಕಲ್ ಕಲಿತದ್ದು

ನಮ್ಮ ತಾತ ಸೈಕಲ್ ಕಲಿತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ನನಗೋಸ್ಕರ.

ನಮ್ಮದು ಬಿಳೇಕಹಳ್ಳಿ. ಅರವತ್ತರ ದಶಕದ ಶುರುವಿನಲ್ಲಿ ಅದಿನ್ನೂ ಹಳ್ಳಿಯೇ. ಸುತ್ತ ರಾಗಿ ಹೊಲ, ಬಾವಿ ಇದ್ದವರಿಗೆ ಸೊಪ್ಪಿನ ತೋಟ. ತಾತನಿಗೆ ಬಾವಿಯಿತ್ತು. ಕೋಳಿ ಕೂಗುವ ಹೊತ್ತಿಗೆ ಎತ್ತು ಕಟ್ಟಿ ಕಪಿಲೆ ಹೊಡೆದು ತೋಟಕ್ಕೆ ನೀರು ಹಾಯಿಸುತ್ತಿದ್ದರು. ಬೆಳಕು ಹರಿಯುವಷ್ಟರಲ್ಲಿ ದಂಟು, ಸಬ್ಬಸಿಗೆ, ಕೊತ್ತಂಬರಿ ಕಿತ್ತು ಕಂತೆ ಕಟ್ಟಿ, ಬುಟ್ಟಿ ಹೊತ್ತು ಜಯನಗರಕ್ಕೆ ನಡೆಯುತ್ತಿದ್ದರು. ಜಯನಗರದಲ್ಲಿ ಆಗ ಅರ್ಧ ಮನೆ, ಅರ್ಧ ಖಾಲಿ ಸೈಟು. ಮಧ್ಯಾಹ್ನ ಹಸಿದು ಬಂದರೂ ಒಬ್ಬರೇ ಊಟಕ್ಕೆ ಕೂರುತ್ತಿರಲಿಲ್ಲ. ಮನೆಯಲ್ಲಿ ಹನ್ನೊಂದು ಜನ. ಹೊಲದಲ್ಲಿದ್ದವರು, ಕೆರೆಗೆ ಬಟ್ಟೆ ಒಗೆಯಲು ಹೋದವರು ಎಲ್ಲ ಬಂದ ಮೇಲೆಯೇ ಅವರ ತಟ್ಟೆಗೆ ಮುದ್ದೆ ಬೀಳಬೇಕು.

ಊರಿನ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು, ಮುಂದೆ ಓದಲು ಜಯನಗರಕ್ಕೆ ಹೋಗಬೇಕಿತ್ತು. ನಾನೂ ಅಲ್ಲಿಗೆ ಮುಗಿಸಬೇಕೆಂದು ಅಪ್ಪ ತೀರ್ಮಾನಿಸಿದ್ದರು.

“ಜಯನಗರ ಇಲ್ಲೇ ಐತಾ? ಹೆಣ್ಮಗು ಅಷ್ಟು ದೂರ ಒಂದೇ ಹೆಂಗೆ ಹೋಯ್ತದೆ?”

“ಒಂದೇ ಯಾಕೆ? ನಾನಿಲ್ವಾ?” ಎಂದರು ತಾತ.

“ನೀವು ಬುಟ್ಟಿ ಹೊತ್ಕೊಂಡು ಓಡೋರು. ಇವಳು ನಿಮ್ಮ ಹಿಂದೆ ನಡೆದು ಸೇರೋ ಹೊತ್ಗೆ ಇಸ್ಕೂಲು ಬಿಟ್ಟಿರ್ತದೆ.”

ಜಯನಗರದಲ್ಲಿ ತಾತನ ಗಿರಾಕಿಯೊಬ್ಬರು ವಯಸ್ಸಾಗಿ ಸೈಕಲ್ ತುಳಿಯುವುದನ್ನು ಬಿಟ್ಟಿದ್ದರು. ಒಂದು ಬೇಸಿಗೆ ಪೂರ್ತಿ ಆ ಮನೆಗೆ ಪುಕ್ಕಟೆ ಸೊಪ್ಪು ಕೊಡುವ ಮಾತಿನ ಮೇಲೆ ತಾತ ಆ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದರು. ಅಜ್ಜಿ ಹೊಸಿಲ ಮೇಲೆ ನಿಂತು ನೋಡಿದಳು.

“ಈ ವಯಸ್ನಲ್ಲಿ ಸೊಂಟ ಮುರ್ಕೊಂಡ್ರೆ ಕಪಿಲೆ ಹೊಡೆಯೋರು ಯಾರು?”

“ಎಂಥೆಂಥಾ ಹೋರಿ ಪಳಗಿಸಿದೀನಿ. ಇದಕ್ಕೆ ಕೊಂಬೂ ಇಲ್ಲ” ಎಂದರು ತಾತ.

ಆದರೆ ಹೋರಿಗಿಂತ ಅದೇ ಹೆಚ್ಚು ಕಾಡಿಸಿತು. ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಕಣದಲ್ಲಿ ದಿನಾ ಸಂಜೆ ಕಲಿಕೆ. ಸೀಟು ಹಿಡಿದುಕೊಳ್ಳುವವಳು ನಾನು. ಎರಡು ಸುತ್ತು ಹೋಗಿ ಸೈಕಲ್ ವಾಲತೊಡಗಿದರೆ ತಾತ ಬ್ರೇಕು ಮರೆತು ಎತ್ತಿಗೆ ಹೇಳುವ ಹಾಗೆ “ಹೋ, ಹೋ” ಎನ್ನುತ್ತಿದ್ದರು. ಸೈಕಲ್ ಕೇಳುತ್ತಿರಲಿಲ್ಲ, ಇಬ್ಬರೂ ಹುಲ್ಲಿನ ಮೆದೆಗೆ ಹೋಗಿ ಬೀಳುತ್ತಿದ್ದೆವು. ಊರವರು ನಗಲಿಕ್ಕೆಂದೇ ಬಂದು ಕೂರುತ್ತಿದ್ದರು. ತಾತ ಪಂಚೆ ಕೊಡವಿಕೊಂಡು ಏಳುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಅಜ್ಜಿ ಬೈಯುತ್ತಲೇ ಮಂಡಿಗೆ ಅರಿಸಿನ ಹಚ್ಚುತ್ತಿದ್ದಳು. ಮೂರನೆಯ ವಾರ ಒಂದು ಸಂಜೆ ನಾನು ಸೀಟು ಬಿಟ್ಟಿದ್ದು ಗೊತ್ತಾಗದೆ ಅವರು ಕಣವನ್ನು ಐದು ಸುತ್ತು ಹಾಕಿದರು. ಆ ದಿನ ಯಾರೂ ನಗಲಿಲ್ಲ.

ಒಂದು ಕೊರತೆ ಮಾತ್ರ ಕೊನೆಯವರೆಗೂ ಉಳಿಯಿತು. ಕಾಲಿಡಲು ಕಲ್ಲಿಲ್ಲದೆ ಅವರಿಗೆ ಸೈಕಲ್ ಹತ್ತಲು ಬರುತ್ತಿರಲಿಲ್ಲ, ಇಳಿಯಲೂ ಬರುತ್ತಿರಲಿಲ್ಲ. ನಮ್ಮ ಮನೆ ಮುಂದೆ ಒಂದು ಕಲ್ಲು, ಶಾಲೆಯ ಗೇಟಿನ ಹತ್ತಿರ ಒಂದು ಚಪ್ಪಡಿ. ನಡುವೆ ಯಾರು ಅಡ್ಡ ಬಂದರೂ ಬೆಲ್ ಬಾರಿಸಿ, “ಪಕ್ಕಕ್ಕೆ ಸರೀರಪ್ಪಾ, ನಿಲ್ಸಕ್ಕಾಗಲ್ಲ” ಎಂದು ಹೇಳಿಕೊಂಡೇ ಸಾಗುತ್ತಿದ್ದರು. ಹ್ಯಾಂಡಲಿಗೆ ಎರಡೂ ಕಡೆ ಸೊಪ್ಪಿನ ಚೀಲ, ಹಿಂದೆ ಕ್ಯಾರಿಯರ್ ಮೇಲೆ ನಾನು. ಸಂಜೆ ತೋಟದ ಕೆಲಸ ಬಿಟ್ಟು ಮತ್ತೆ ಕರೆಯಲು ಬರುತ್ತಿದ್ದರು. ಹೀಗೆ ಆರು ವರ್ಷಕ್ಕೂ ಮೇಲೆ. ಜ್ವರ ಬಂದ ದಿನ ಕಂಬಳಿ ಹೊದ್ದು ತುಳಿದಿದ್ದೂ ಉಂಟು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಅರ್ಧ ದಾರಿಯಲ್ಲಿ ಹಿಂದಿನ ಟೈರು ಒಡೆಯಿತು. ತಾತ ಪಕ್ಕದ ಮಣ್ಣಿನ ಗುಡ್ಡೆಗೆ ಸೈಕಲ್ ನುಗ್ಗಿಸಿ ನಿಲ್ಲಿಸಿದರು. ನಾನು ಅಳತೊಡಗಿದೆ.

“ಅಳಬೇಡ. ಓದಿದ್ದೆಲ್ಲ ಕಣ್ಣೀರಲ್ಲಿ ಹೋಗ್ಬುಡ್ತದೆ. ಸೀಟ್ ಮೇಲೆ ಕೂತ್ಕೊ” ಎಂದರು.

ಸೊಪ್ಪಿನ ಚೀಲಗಳನ್ನು ಬಿಚ್ಚಿ ಬೇಲಿಯ ಪಕ್ಕ ಇಟ್ಟರು. ಪಂಚೆ ಎತ್ತಿ ಕಟ್ಟಿ, ಸೈಕಲ್ಲನ್ನು ತಳ್ಳಿಕೊಂಡು ಓಡತೊಡಗಿದರು. ಆಗ ಅವರಿಗೆ ಅರವತ್ತೈದರ ಆಸುಪಾಸು. ಅವರ ಉಸಿರು ನನ್ನ ಬೆನ್ನಿಗೆ ತಾಕುತ್ತಿತ್ತು. “ಇಳಿದು ನಾನೂ ಓಡ್ತೀನಿ ತಾತ” ಎಂದರೆ, “ನೀನು ಸುಸ್ತಾದ್ರೆ ಬರೆಯೋರು ಯಾರು?” ಎಂದರು. ಗೇಟು ತಲುಪಿದಾಗ ಗಂಟೆ ಹೊಡೆಯುತ್ತಿತ್ತು. ನಾನು ಒಳಗೋಡಿದೆ. ಮೂರು ಗಂಟೆ ಬಿಟ್ಟು ಹೊರಗೆ ಬಂದಾಗ ತಾತ ಅಲ್ಲೇ ಮರದ ಕೆಳಗೆ ಕೂತಿದ್ದರು. ವಾಪಸು ಬರುವಾಗ ನೋಡಿದರೆ ಬೇಲಿ ಪಕ್ಕದ ಸೊಪ್ಪನ್ನು ಯಾರದೋ ಹಸು ತಿಂದಿತ್ತು. “ತಿನ್ನಲಿ ಬಿಡು, ಇವತ್ತು ಅದಕ್ಕೂ ಹಬ್ಬ” ಎಂದರು.

ಫಲಿತಾಂಶ ಪೇಪರಿನಲ್ಲಿ ಬಂತು. ತಾತನಿಗೆ ಓದಲು ಬಾರದು. ನನ್ನ ನಂಬರಿನ ಚೀಟಿ ಹಿಡಿದು ಜಯನಗರದ ಅಂಗಡಿಯೊಂದರ ಮುಂದೆ ನಿಂತು, ಒಬ್ಬರು ತಪ್ಪು ಓದಿರಬಹುದೆಂದು ಮೂವರಿಂದ ಓದಿಸಿದರು. ಮೂರನೆಯವರು, “ಯಜಮಾನ್ರೇ, ಪಾಸ್ ಅಂದ್ರೆ ಪಾಸೇ. ಇನ್ನೆಷ್ಟು ಜನಾನ್ನ ಕೇಳ್ತೀರಿ?” ಎಂದರಂತೆ. ಊರಿಗೆ ಬಂದವರು ನೇರವಾಗಿ ಮನೆಗೆ ಬರಲಿಲ್ಲ. ನಾನು ಕ್ಯಾರಿಯರ್ ಮೇಲೆ ಕೂತು ಹಾದುಹೋಗುವಾಗ ನಗುತ್ತಿದ್ದವರ ಮನೆಗಳಿಗೆಲ್ಲ ಹೋಗಿ, ಜಗಲಿಯ ಮೇಲೆ ಕೂತು, ನೀರು ಕುಡಿದು, ವಿಷಯ ಹೇಳಿ, ಕೊನೆಗೆ ನಮ್ಮಲ್ಲಿಗೆ ಬಂದರು. ಅಜ್ಜಿ ಸೆರಗಿನಿಂದ ಅವರ ಮುಖ ಒರೆಸಿದಳು. ಎಲ್ಲರ ಮುಂದೆ ಅವಳು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಜೂನ್ ತಿಂಗಳಲ್ಲಿ ಊರಿನ ಮೂವರು ಗಂಡಸರು ಬಂದು ಜಗಲಿಯ ಮೇಲೆ ಕೂತರು. ಅವರ ಹೆಣ್ಣುಮಕ್ಕಳೂ ನಾಲ್ಕನೆಯ ತರಗತಿ ಮುಗಿಸಿದ್ದರು. ಆ ಹುಡುಗಿಯರನ್ನೂ ಜಯನಗರದ ಶಾಲೆಗೆ ಕರೆದೊಯ್ಯಬೇಕೆಂದು ತಾತನನ್ನು ಕೇಳಿದರು.

ತಾತ ನಕ್ಕರು. “ಮೂರು ಮಕ್ಕಳು ಸೈಕಲ್ ಮೇಲೆ ಕೂರಕ್ಕಾಯ್ತದಾ?” ಎಂದು ಅಪ್ಪನ ಕಡೆ ನೋಡಿದರು.

ಅಪ್ಪ ಎದ್ದು ಕೊಟ್ಟಿಗೆಗೆ ಹೋದರು. ಮರುದಿನ ಬೆಳಿಗ್ಗೆ ಗಾಡಿಗೆ ಎತ್ತು ಕಟ್ಟಿ, ಹುಡುಗಿಯರು ಕೂರಲು ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿದವರು ಅವರೇ. ತಾತ ಮುಂದೆ ಕೂತು ಹಗ್ಗ ಹಿಡಿದರು. ಹೊಸ ಲಂಗ ತೊಟ್ಟ ಆ ಮೂವರೂ ನಾಚಿಕೆ ಬಿಟ್ಟು ಜೋರಾಗಿ ಮಗ್ಗಿ ಹೇಳುತ್ತಾ ಹೊರಟರು. ಗಾಡಿ ರಸ್ತೆಯ ತಿರುವು ದಾಟಿದ ಮೇಲೂ ಅವರ ದನಿ ನಮ್ಮ ಅಂಗಳಕ್ಕೆ ಕೇಳುತ್ತಿತ್ತು.