ನೀಲಿ ಗ್ಯಾಲರಿಯಲ್ಲಿ ಕೆಂಪು ಸೀರೆ

ಅಮೆರಿಕನ್ ಫುಟ್‌ಬಾಲ್ ನನಗೆ ಅರ್ಥವಾಗುತ್ತದೆ ಎಂದರೆ ಇಲ್ಲಿನ ಕನ್ನಡದ ಗೆಳತಿಯರು ಇವತ್ತಿಗೂ ನಗುತ್ತಾರೆ. ನಗಲಿ. ಮಂಡ್ಯದ ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವಳಿಗೆ ಈ ಆಟ ತಿಳಿಯಲು ಒಂದು ಮಧ್ಯಾಹ್ನ ಸಾಕು. ಚೆಂಡು ಹಿಡಿದವನು ನುಗ್ಗಬೇಕು, ಎದುರಿನವರು ಅವನನ್ನು ಹಿಡಿದು ಕೆಡವಬೇಕು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಅವರ ಪಾಲು. ಮಿಕ್ಕಿದ್ದೆಲ್ಲ ಕೂಗಾಟ, ಅದಂತೂ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಗಳು ಬರ್ಕ್ಲಿಯಲ್ಲಿ ಕಾಲೇಜು ಸೇರಿ ಅಲ್ಲಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದಲು ಶುರುಮಾಡಿದ ಮೇಲೆ, ಅವರ ಮೈದಾನದಲ್ಲಿ ನಡೆದ ಒಂದು ಆಟವನ್ನೂ ನಾನು ತಪ್ಪಿಸಿಲ್ಲ. ನಮ್ಮ ಮನೆ ಹತ್ತಿರದ ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ನೇರ ಅಲ್ಲಿಗೇ. ಆಟ ನಡೆಯುವಾಗ ಸೀಟು ಬಿಟ್ಟು ಹೋದವಳೂ ನಾನಲ್ಲ. ನನ್ನ ಗಂಡ ಹುಬ್ಬಳ್ಳಿಯವರು, ಸ್ಯಾನ್ ಮಟಿಯೋದಲ್ಲಿ ಇಂಜಿನಿಯರು. ಅವರು ಜೊತೆಗೆ ಬರುತ್ತಿದ್ದದ್ದು ಬಿಸಿಲಿನಲ್ಲಿ ಟೋಪಿ ಮುಖಕ್ಕೆ ಎಳೆದುಕೊಂಡು ತೂಕಡಿಸುವುದಕ್ಕೆ.

ಆ ವರ್ಷ ಮಗಳ ಕಾಲೇಜಿನ ಕೊನೆಯ ವರ್ಷ. ಕೊಲ್ಲಿಯ ಆಚೆ ದಡದ ಕಾಲೇಜಿನ ಮೇಲೆ ಅವಳ ಕಾಲದಲ್ಲಿ ನಮ್ಮ ತಂಡ ಒಮ್ಮೆಯೂ ಗೆದ್ದಿರಲಿಲ್ಲ. ಗೆದ್ದರೆ ಬ್ಯಾಂಡು ಬಾರಿಸುತ್ತಾ ಮೈದಾನದ ನಡುವಿಗೆ ಇಳಿಯುತ್ತದೆ, ಇಡೀ ಗ್ಯಾಲರಿ ಎದ್ದುನಿಂತು ಹಾಡುತ್ತದೆ. ಸೋತರೆ ವಾದ್ಯಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಪಕ್ಕದ ಗೇಟಿನಿಂದ ಹೊರಟುಹೋಗುತ್ತಾರೆ. ಅವಳು ಹಾಗೆ ಹೊರಟುಹೋಗುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

"ಅಮ್ಮಾ, ಐ ವಾಂಟ್ ಇಟ್ ಜಸ್ಟ್ ಒನ್ಸ್," ಎಂದಿದ್ದಳು ಫೋನಿನಲ್ಲಿ.

"ಈ ಸಲ ಗೆದ್ದೇ ಗೆಲ್ತೀವಿ ಕಣೇ. ಬರೆದಿಟ್ಕೋ," ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ. ನಮ್ಮ ಹುಡುಗರ ಓಟವನ್ನು ಆ ಸೀಸನ್ನಿನಲ್ಲಿ ಕಣ್ಣಾರೆ ನೋಡಿದ್ದೆ.

ಆಗ ಅತ್ತೆ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆಗಿದ್ದರು. ಮೊಮ್ಮಗಳು ಬಾರಿಸುವುದನ್ನು ನೋಡಬೇಕೆಂದು ಆ ಕಾಲೇಜಿನ ಜೊತೆಗಿನ ಆಟದ ದಿನ ಅವರೂ ಹೊರಟರು. ಕೋಣೆಯಿಂದ ಈಚೆಗೆ ಬಂದಾಗ ನೋಡುತ್ತೇನೆ, ಮೈಮೇಲೆ ಕಡುಗೆಂಪು ಇಳಕಲ್ ಸೀರೆ! ನಮ್ಮ ಬಣ್ಣ ನೀಲಿ. ಕೆಂಪು ಅವರದ್ದು.

"ಅತ್ತೆ, ಅದು ಎದುರು ಪಾರ್ಟಿಯವರ ಬಣ್ಣ. ಮೇಲೆ ನನ್ನ ನೀಲಿ ಜಾಕೆಟ್ಟಾದ್ರೂ ಹಾಕ್ಕೊಳ್ಳಿ."

"ಯಾಕವಾ? ಗೆಲ್ಲಾಕ ಹೊಂಟಾಗ ಕೆಂಪ ಉಡಬೇಕು. ಕೆಂಪಂದ್ರ ಶುಭ. ಇಲ್ಲಿ ಮಂದಿಗೆ ಗೊತ್ತಿಲ್ಲಂತ ನಮಗೂ ಗೊತ್ತಿಲ್ಲೇನು?"

ಗಂಡ ಮೊಬೈಲಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಅತ್ತೆಯ ಜೊತೆ ಸೀರೆಯ ವಿಷಯಕ್ಕೆ ವಾದಕ್ಕಿಳಿಯುವಷ್ಟು ದಡ್ಡಿ ನಾನಲ್ಲ.

ಸ್ಟೇಡಿಯಮ್ಮಿನಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಮುಖಕ್ಕೆಲ್ಲ ನೀಲಿ ಬಣ್ಣ ಬಳಿದುಕೊಂಡ ಒಬ್ಬ ದಡಿಯ ಕೂತಿದ್ದ. ಸೀರೆಯನ್ನು ನೋಡಿ, ನೀವು ಸರಿಯಾದ ಕಡೆಗೇ ಬಂದಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅತ್ತೆಗೆ ಏನು ಅರ್ಥವಾಯಿತೋ, ಚೀಲದಿಂದ ಒಂದು ತುಂಡು ಕರದಂಟು ತೆಗೆದು ಅವನ ಕೈಗಿಟ್ಟರು. ಅದನ್ನು ತಿಂದ ಮೇಲೆ ಅವನು ಸೀರೆಯ ಸುದ್ದಿಗೆ ಬರಲಿಲ್ಲ. ಇನ್ನೊಂದು ತುಂಡು ಸಿಗುತ್ತದೆಯೇ ಎಂದು ಮಾತ್ರ ಕೇಳಿದ.

ಬ್ಯಾಂಡಿನವರು ಕೂರುವ ಜಾಗ ನಮ್ಮ ಪಕ್ಕದಲ್ಲೇ, ಸ್ವಲ್ಪ ಕೆಳಗೆ. ಅರ್ಧ ಆಟ ಮುಗಿದಾಗ ಮಗಳ ಮೆಸೇಜು ಬಂತು. ನೀವು ಎಲ್ಲಿದ್ದೀರೆಂದು ಮೊದಲ ಸಲ ಹುಡುಕದೇ ಗೊತ್ತಾಯಿತು, ಅಜ್ಜಿಯ ಸೀರೆ ಕಾಣುತ್ತಿದೆ ಎಂದು ಬರೆದಿದ್ದಳು. ಓದಿ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಆಮೇಲೆ ಶುರುವಾಯಿತು ನೋಡಿ. ಅತ್ತೆ ಮಗನ ಜೊತೆ ಬಾತ್‌ರೂಮಿಗೆಂದು ಎದ್ದುಹೋದರು, ಇತ್ತ ನಮ್ಮ ಹುಡುಗರು ಕೊನೆಯ ಗೆರೆ ದಾಟಿ ಅಂಕ ಗಿಟ್ಟಿಸಿದರು. ಅವರು ವಾಪಸ್ಸು ಬಂದು ಕೂತ ಕೂಡಲೇ ಎದುರಾಳಿಯ ಒಬ್ಬ ಚೆಂಡು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿಬಿಟ್ಟ. ಕಾಫಿ ತರಲು ಮತ್ತೆ ಎದ್ದರು, ನಮ್ಮವರು ಮತ್ತೆ ಗೆರೆ ದಾಟಿದರು.

"ಅವ್ವಾ, ನೀ ಹೊರಗ ಹ್ವಾದಾಗೆಲ್ಲ ನಮ್ಮವರು ಹೊಡೀತಾರ ನೋಡು," ಎಂದರು ಗಂಡ. ಅತ್ತೆ ನಕ್ಕರು. ನಾನೂ ನಕ್ಕೆ.

ಕೊನೆಯ ಭಾಗ ಬಂದಾಗ ನಾವು ಎರಡು ಅಂಕ ಹಿಂದೆ. ಚೆಂಡು ನಮ್ಮ ಕೈಯಲ್ಲಿತ್ತು, ಗಡಿಯಾರ ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ನಾನು ಕೂರಲೇ ಇಲ್ಲ. "ಎಸೀಬೇಡ್ರೋ, ಓಡ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಕೋಚಿಗೆ ಕನ್ನಡ ಬರದಿದ್ದರೂ ಬುದ್ಧಿ ಬಂತು. ಹುಡುಗರು ಓಡಿದರು. ಐದು ಗಜ, ಏಳು ಗಜ, ಬಿದ್ದು, ಎದ್ದು, ಮತ್ತೆ ನುಗ್ಗಿ, ಒದ್ದರೆ ಕಂಬಗಳ ನಡುವೆ ಹೋಗುವಷ್ಟು ಹತ್ತಿರ ಚೆಂಡು ತಂದಿಟ್ಟರು. ಒದೆತ ಒಳಗೆ ಬಿದ್ದರೆ ಮೂರು ಅಂಕ, ಆಟ ನಮ್ಮದು. ಒದೆಯುವ ಹುಡುಗನ ಎದೆಗುಂದಿಸಲು ಎದುರಾಳಿಗಳು ಟೈಮ್‌ಔಟ್ ಕೇಳಿ ಆಟ ನಿಲ್ಲಿಸಿದರು.

ತಿರುಗಿ ನೋಡಿದರೆ ಅತ್ತೆಯ ಸೀಟು ಖಾಲಿ.

"ಅತ್ತೆ ಎಲ್ರೀ?"

"ಹೊರಗ ಹ್ವಾದ್ಲು, ತಾನಾಗೇ. ಬಿಡು, ಅಕಿಗೆ ರೂಢಿ ಐತಿ," ಎಂದರು ಗಂಡ, ಕಣ್ಣು ಮೈದಾನದಿಂದ ಕೀಳದೆ. "ಮನ್ಯಾಗ ಕ್ರಿಕೆಟ್ ಹಚ್ಚಿದಾಗ ಅಕಿ ಬಂದು ಕುಂತ್ರ ವಿಕೆಟ್ ಬೀಳ್ತಿತ್ತು. ಅಪ್ಪ ಅಡಗಿಮನಿಗೆ ಕಳಸ್ತಿದ್ದ. ಒಂದು ಮ್ಯಾಚಿನ ಕೊನಿನೂ ಅಕಿ ನೋಡಿಲ್ಲ."

ನಗುನಗುತ್ತಾ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಏಳು ಸಮುದ್ರ ದಾಟಿ ಮೊಮ್ಮಗಳನ್ನು ನೋಡಲು ಬಂದ ಹೆಂಗಸು ಇಲ್ಲಿಯೂ ಅಡುಗೆಮನೆಗೇ ಹೋಗಬೇಕೇ? ಹಾಗೆಂದುಕೊಂಡರೂ ನಿಜ ಹೇಳುತ್ತೇನೆ, ಒಂದು ಕ್ಷಣ ಕಾಲು ಕೀಳಲಾಗಲಿಲ್ಲ. ಅವರು ಹೊರಗಿದ್ದರೆ ಗೆಲ್ಲುತ್ತೇವೇನೋ ಎಂಬ ಆಸೆ ನನ್ನೊಳಗೂ ಇತ್ತು. ಮಗಳಿಗೆ ಇನ್ನೊಂದು ಅವಕಾಶವಿರಲಿಲ್ಲ. ಆ ಆಸೆಯ ಮೇಲೂ ಸಿಟ್ಟು ಬಂದು, ಸೀಟು ಬಿಟ್ಟು ಓಡಿದೆ.

ಮೆಟ್ಟಿಲಿನ ಹಿಂದಿನ ಓಣಿಯಲ್ಲಿ, ಪಾಪ್‌ಕಾರ್ನ್ ಅಂಗಡಿಯ ಪಕ್ಕ, ಅತ್ತೆ ಗೋಡೆಗೆ ಮುಖಮಾಡಿ ನಿಂತಿದ್ದರು.

"ಬನ್ನಿ ಅತ್ತೆ, ಒಳಗೆ."

"ಬ್ಯಾಡ ತಂಗಿ. ಕೂಸು ಭಾಳ ಆಸೆ ಇಟ್ಟೈತಿ. ನೀ ಹೋಗು, ನಾ ಇಲ್ಲಿಂದನ ಕೇಳ್ತೀನಿ."

"ಕೂಸು ನಿಮ್ಮನ್ನ ಹುಡುಕ್ತಾ ಇರುತ್ತೆ. ಸೋತ್ರೆ ಆ ಒದೆಯೋ ಹುಡುಗ ಸೋಲಿಸಿರ್ತಾನೆ, ನೀವಲ್ಲ. ಸೋಲೋದೂ ಇಲ್ಲ, ನಾನು ಹೇಳ್ತಿದೀನಲ್ಲ!"

ಕೈ ಹಿಡಿದು ಎಳೆದುಕೊಂಡೇ ಬಂದೆ. ಮೆಟ್ಟಿಲಿನ ಮೇಲಿನ ತುದಿಗೆ ನಾವು ಬರುವುದಕ್ಕೂ ಹುಡುಗ ಚೆಂಡು ಒದೆಯುವುದಕ್ಕೂ ಸರಿಹೋಯಿತು. ಚೆಂಡು ಓರೆಯಾಗಿ ಎದ್ದು ಬಲಗಡೆಯ ಕಂಬದತ್ತ ವಾಲಿತು. ನಾನು ಅತ್ತೆಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬಳೆ ನನಗೇ ಒತ್ತುತ್ತಿತ್ತು. ಕಂಬಕ್ಕೆ ತಾಗಿತು ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ದಾಟಿಹೋಯಿತು.

ಗೆದ್ದೆವು. ಸ್ಟೇಡಿಯಮ್ಮೇ ಎದ್ದು ಕುಣಿಯಿತು. ಕೆಳಗೆ ನನ್ನ ಗಂಡ ಟೋಪಿ ಎಸೆದು ಆ ನೀಲಿ ಮುಖದವನನ್ನು ತಬ್ಬಿಕೊಂಡಿದ್ದರು. ಬ್ಯಾಂಡು ಮೈದಾನಕ್ಕಿಳಿಯಿತು. ಮಗಳು ಮುಂದಿನ ಸಾಲಿನಲ್ಲೇ ಇದ್ದಳು, ಟ್ರಂಪೆಟ್ ಆಕಾಶಕ್ಕೆತ್ತಿ ಊದುತ್ತಿದ್ದಳು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

"ಅತ್ತೆ, ನೀವಿದ್ದಾಗಲೇ ಗೆದ್ವಿ! ನೋಡಿದ್ರಾ, ಚೆಂಡು ಕಂಬದ ಪಕ್ಕದಲ್ಲೇ ಹೇಗೆ ಹೋಯ್ತು?"

"ಚೆಂಡ ನಾ ನೋಡಲಿಲ್ಲ ತಂಗಿ."

"ಕಣ್ಣು ಮುಚ್ಕೊಂಡ್ರಾ?"

"ನಾ ಯಾಕ ಮುಚ್ಚಲಿ? ಕೂಸು ಮುಚ್ಚಿತ್ತು. ಆ ತುತ್ತೂರಿ ಎದಿಗೆ ಅವಚಿಕೊಂಡು, ಕಣ್ಣು ಮುಚ್ಚಿ, ಗಡಗಡ ನಡುಗಾಕತ್ತಿತ್ತು. ನೀವು ಇಷ್ಟೂ ಮಂದಿ ಚೆಂಡ ನೋಡಾಕತ್ತಿದ್ರಿ. ಅದನ್ನ ನೋಡಾಕ ಒಬ್ಬರರ ಬ್ಯಾಡೇನು?"