ಸಂತಪುರದವರನ್ನು ಕೇಳಲಿಲ್ಲ

ಹೋದ ವಾರ ಭಾಲ್ಕಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಬಡೇಸೋಪಿನ ಪೊಟ್ಟಣ ಬಿಚ್ಚಿದರು. ಆ ವಾಸನೆಗೆ ನಮ್ಮ ಸರ್ ಬಂದು ಪಕ್ಕದಲ್ಲೇ ಕೂತಂತಾಯಿತು. ಅಗಿಯಲೆಂದು ಅವರ ಜೇಬಿನಲ್ಲಿ ಸದಾ ಒಂದು ಹಿಡಿ ಬಡೇಸೋಪು ಇರುತ್ತಿತ್ತು. ನಾನು ಹೊರಟಿದ್ದೂ ಅವರ ಮನೆಗೇ. ಅವರು ತೀರಿಕೊಂಡು ತಿಂಗಳಾಗಿತ್ತು.

ಬೀದರಿನ ನಮ್ಮ ಕಚೇರಿಯ ದೊಡ್ಡ ಕಂಪ್ಯೂಟರ್, ಆ ಮೇನ್‌ಫ್ರೇಮ್, ಅವರ ಸುಪರ್ದಿಯಲ್ಲಿತ್ತು; ಆಗ ನಾನು ಅವರ ಕೈಕೆಳಗೆ ಕೆಲಸಕ್ಕಿದ್ದೆ. ಔರಾದ, ಭಾಲ್ಕಿ, ಸಂತಪುರ, ಠಾಣಾ ಕುಶನೂರಿನ ಕೌಂಟರುಗಳೆಲ್ಲ ಅದೊಂದಕ್ಕೇ ಜೋಡಣೆ. ಅರ್ಜಿ ಬರೆದುಕೊಳ್ಳುವ ಪ್ರೋಗ್ರಾಂ ಊರಿಗೊಂದು ಇರಲಿಲ್ಲ. ಯಂತ್ರದ ಮೆಮೊರಿಯಲ್ಲಿ ಒಂದೇ ಪ್ರತಿ, ಎಲ್ಲರೂ ಅದನ್ನೇ ಬಳಸಬೇಕು. ತಿದ್ದಿದ ಹೊಸ ಪ್ರತಿ ಇಟ್ಟರೆ ಆಮೇಲೆ ಶುರು ಮಾಡಿದವರಿಗೆ ಹೊಸದು ಸಿಗುತ್ತಿತ್ತು. ಮೊದಲೇ ಕೆಲಸ ಹಿಡಿದವರು ಹಳೆಯದರಲ್ಲೇ ಇರುತ್ತಿದ್ದರು. ಮೆಮೊರಿ ಇಕ್ಕಟ್ಟು, ಹಳೆಯದನ್ನು ತೆಗೆಯಲೇಬೇಕು. ಆದರೆ ಅವರು ಮುಗಿಸುವ ಮೊದಲು ತೆಗೆದರೆ ಅವರ ಕೆಲಸ ಅಲ್ಲೇ ಕುಸಿಯುತ್ತಿತ್ತು. ಯಾರು ಇನ್ನೂ ಹಳೆಯದನ್ನು ಹಿಡಿದಿದ್ದಾರೆಂದು ಆ ಯಂತ್ರಕ್ಕೇ ಗೊತ್ತಿರುತ್ತಿರಲಿಲ್ಲ, ಏನು ಹೇಳಲಿ!

ಹಾಗಾಗಿ ಸರ್ ಒಂದೊಂದೇ ಊರಿಗೆ ಫೋನು ಹಚ್ಚುತ್ತಿದ್ದರು. "ನಿಮ್ದು ಮುಗೀತೇನ್ರಿ? ಬಂದ್ ಮಾಡೀರಿಲ್ಲ?" ಅದರ ಮೇಲೆ ಮಳೆ, ತೊಗರಿ, ಮಕ್ಕಳ ಸಾಲಿಯ ಮಾತು... ನನಗೋ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನ ಒದರಿಯೇ ಬಿಟ್ಟೆ: "ಸರ್, ಹಿಂಗ ಕೇಳಕೋತ ಕುಂತ್ರ ಸಂಜಿ ಆಗ್ತದ್ರಿ."

"ಹಂಗಾದ್ರ ಇವತ್ತ ನೀನೇ ಕೇಳಿ ತೆಗಿ ತಂಗಿ" ಎಂದು ನಕ್ಕು ಕುರ್ಚಿ ಬಿಟ್ಟುಕೊಟ್ಟರು.

ಮೂರು ಊರಿನವರು ಮುಗಿಯಿತೆಂದರು. ಸಂತಪುರದವರು ಫೋನು ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಕೆಲಸ ಮುಗಿಸಿ ಊಟಕ್ಕೆ ಹೋಗಿರಬೇಕು ಎಂದುಕೊಂಡೆ... ಎಂದುಕೊಂಡೆ, ಅಷ್ಟೇ. ಹಳೆಯ ಪ್ರತಿ ತೆಗೆದುಹಾಕಿದೆ.

"ಎಲ್ಲಾರಿಗೂ ಕೇಳಿದಿಲ್ಲ?"

"ಹೌದ್ರಿ ಸರ್, ಎಲ್ಲಾರದೂ ಮುಗದದ."

ಸಂತಪುರದಲ್ಲಿ ಬೆಳಗಿನಿಂದ ಸರದಿಯಲ್ಲಿ ನಿಂತು ಜನ ಬರೆಸಿದ್ದ ಅರ್ಜಿಗಳೆಲ್ಲ ಹಾಳಾದವು. ಬಿಸಿಲಲ್ಲಿ ಮತ್ತೆ ನಿಂತರು.

ಸರ್ ನನ್ನ ಮಾತು ನಂಬಿದರು. ಅದೇ ನನಗೆ ಇವತ್ತಿಗೂ ಸಿಟ್ಟು. ಒಂದೇ ಒಂದು ಸಲ ಸಂತಪುರದವರಿಗೆ "ಈ ಹುಡುಗಿ ಕೇಳಿದ್ಳೇನ್ರಿ?" ಅಂದಿದ್ದರೆ ಮುಗಿದುಹೋಗುತ್ತಿತ್ತು! ಅನ್ನಲಿಲ್ಲ. ತಾವು ತಿದ್ದಿದ ಹೊಸ ಪ್ರತಿಯಲ್ಲೇ ತಪ್ಪಿರಬೇಕೆಂದು ಹಠ ಹಿಡಿದು ವಾರಗಟ್ಟಲೆ ಸಾಲು ಸಾಲೂ ಓದಿದರು. ಇಲ್ಲದ ತಪ್ಪು ಎಲ್ಲಿ ಸಿಗಬೇಕು? ದಿನಾ ಹೇಳಬೇಕೆಂದು ಅವರ ಮೇಜಿನ ತನಕ ಹೋಗುತ್ತಿದ್ದೆ, ಬೇರೆ ಏನೋ ಕೇಳಿ ವಾಪಸ್ಸು ಬರುತ್ತಿದ್ದೆ. ಕೊನೆಗೆ, "ನನ್ನ ಕೈ ಮ್ಯಾಲ ನನಗೇ ಭರೋಸಾ ಇಲ್ಲ ತಂಗಿ, ಇನ್ನ ನೀನೇ ನೋಡ್ಕೊ" ಎಂದು ಆ ಕೆಲಸವನ್ನೇ ಬಿಟ್ಟರು. ಅವರ ಕುರ್ಚಿ ನನಗೆ ಬಂತು. ಥೂ, ನನ್ನ ಬಾಳಿಗಿಷ್ಟು!

ಅವರ ಹೆಂಡತಿಗಾದರೂ ಹೇಳಿಬಿಡಬೇಕೆಂದೇ ಭಾಲ್ಕಿಗೆ ಹೋಗಿದ್ದೆ. ಚಹಾ ಕೊಟ್ಟು ಎದುರಿಗೆ ಕೂತರು.

"ಕಡೀತನಕ ಅದೇ ಮಾತು ನೋಡವ್ವ. ಅವತ್ತ ನಾ ಎಲ್ಲಿ ತಪ್ಪಿದೆ, ತಿಳೀಲೇ ಇಲ್ಲ ಅಂತಿದ್ರು. ನಿನಗರ ಗೊತ್ತದೇನು?"

ಅಷ್ಟು ನೇರವಾಗಿ ಕೇಳಿದರು. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ ಸಿಗಬೇಕಿತ್ತು?

"ಇಲ್ರಿ ವೈನಿ" ಎಂದೆ.

ಸರ್ ಇಲ್ಲ. ಅವರಿಗೆ ಹೇಳಿದ ಸುಳ್ಳನ್ನು ಈಗ ಅವರ ಮನೆಯಲ್ಲೂ ಹೇಳಿ ಬಂದಿದ್ದೇನೆ.