ಜಂತಿಯಲ್ಲಿ ಉಳಿದ ಹಸಿರು ಮಡ್‌ಗಾರ್ಡ್

ಮೂಡಲ ಇನ್ನೂ ಬೂದಿ ಬಣ್ಣದಲ್ಲಿದೆ. ಮಿರಗದ, ಅಂದರೆ ಮೃಗಶಿರದ, ಮೊದಲ ಮಳೆಗೆ ನೆನೆದ ಕಪ್ಪು ಎರಿ ಹೊಲಗಳು ಈಗಷ್ಟೇ ಮೈ ತೊಳೆಸಿಕೊಂಡ ಎಮ್ಮೆಯ ಹಾಗೆ ಮಿರುಗುತ್ತಿವೆ. ತಿರ್ಲಾಪುರದ ಹತ್ತಿರ, ಡಾಂಬರು ರಸ್ತೆ ಬಿಟ್ಟು ಹೊಲದ ಹಾದಿ ಹಿಡಿಯುವ ತಿರುವಿನಲ್ಲಿ ಒಂದು ತಗಡಿನ ಪತ್ರಾಸ್ ಶೆಡ್ಡು. ಅದರ ಮುಂದೆ ಗೋಣಿಚೀಲ ಹಾಸಿಕೊಂಡು ರಹೀಮಾಬಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಸೆರಗು ತಲೆಯ ಮೇಲೆ, ಬೋಲ್ಟು ಬಿಚ್ಚುವ ಹತ್ತನೇ ನಂಬರಿನ ಪಾನಾ ಕೈಯಲ್ಲಿ. ಎದುರಿಗೆ ಒಂದು ಮೋಟರ್ ಸೈಕಲ್ಲಿನ ಮುಂದಿನ ಗಾಲಿ.

"ಲಗೂನ ಮಾಡ್ರಿ ಚಾಚಿ, ಹೆಸರು ಬಿತ್ತಾಕ ಆಳು ಬಂದು ನಿಂತಾರ," ಅನ್ನುತ್ತಾನೆ ಗಾಡಿಯವ.

"ನಿಂತಿರ್ಲಿ ಬಿಡೋ. ನಡು ಹಾದ್ಯಾಗ ಗಾಲಿ ಕಚ್ಚಿದ್ರ ನೀನೂ ನಿಲ್ಲಾಂವನ."

ನಾಲ್ಕು ಬೋಲ್ಟು ಬಿಚ್ಚಿ ಮುಂದಿನ ಮಡ್‌ಗಾರ್ಡ್ ಕಳಚುತ್ತಾರೆ. ಹಳೆಯ ಸೀರೆಯೊಂದರಿಂದ ಎರಡು ಚಿಂದಿ ಹರಿದು, ಒಂದನ್ನು ಮಡ್‌ಗಾರ್ಡಿಗೂ ಇನ್ನೊಂದನ್ನು ಗಾಡಿಯ ಹ್ಯಾಂಡಲ್ಲಿಗೂ ಕಟ್ಟುತ್ತಾರೆ. ಯಾವುದು ಯಾರದ್ದೆಂಬ ಗುರುತು ಅಷ್ಟೇ. ಗಾಡಿ ರಾಡಿ ಸೀಳಿಕೊಂಡು ಹೊಲಕ್ಕೆ ಹೋಗುತ್ತದೆ. ಮಡ್‌ಗಾರ್ಡು ದೀಪಾವಳಿಯವರೆಗೆ ರಹೀಮಾಬಿಯ ಹತ್ತಿರ ಉಳಿಯುತ್ತದೆ.

ಎರಿ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಒಣಗಿದಾಗ ಕಲ್ಲು, ನೆನೆದಾಗ ಮೇಣ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಈ ಮಣ್ಣು ಹೊಕ್ಕಿತೆಂದರೆ ಗಾಲಿ ತಿರುಗುವುದೇ ಇಲ್ಲ. ಕಡ್ಡಿಯಿಂದ ಕೆದರಿ ನಾಲ್ಕು ಮಾರು ಹೋದರೆ ಮತ್ತೆ ಅದೇ ಕತೆ. ಹಾಗಾಗಿ ಸುತ್ತಿನ ರೈತರು ಮಳೆಗಾಲ ಬಂತೆಂದರೆ ಎತ್ತಿಗೆ ಲಾಳ ಹೊಡೆಸಿದ ಹಾಗೆ ಗಾಡಿಯ ಮಡ್‌ಗಾರ್ಡು ಬಿಚ್ಚಿಸುತ್ತಾರೆ. ಈ ದಿನಗಳಲ್ಲಿ ಬೆಳಗಾಗುವುದರಿಂದ ಹೊತ್ತು ಏರುವ ತನಕ ಮೂವತ್ತು ಗಾಡಿಯಾದರೂ ಬರುತ್ತವೆ. ಬಿಚ್ಚಲು ಹತ್ತು ರೂಪಾಯಿ, ಕೂಡಿಸಲು ಹತ್ತು. ಇಟ್ಟುಕೊಳ್ಳುವುದಕ್ಕೆ ಏನೂ ಇಲ್ಲ.

ಅದೇಕೆ ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ರಹೀಮಾಬಿ ಇವಳಿಗೆ ಇಷ್ಟೂ ತಿಳಿಯದೇ ಎಂಬಂತೆ ನೋಡುತ್ತಾರೆ. "ಇಟ್ಟ ಹ್ವಾದದ್ದು ಅಮಾನತ ಅಲ್ಲೇನವಾ? ಮಂದಿ ನಂಬಿ ಇಟ್ಟದ್ದಕ್ಕ ಬಾಡಿಗಿ ಹಿಡಿದ್ರ ಅದು ಅಂಗಡಿ ಆಗ್ತೈತಿ."

ಪಕ್ಕದಲ್ಲೇ ಕಬ್ಬಿಣದ ಕುರ್ಚಿಯ ಮೇಲೆ ಅವರ ಗಂಡ ಅಬ್ದುಲ್‌ಸಾಬ ಕೂತು ಟ್ಯೂಬಿಗೆ ಗಾಳಿ ಹಾಕುತ್ತಿದ್ದಾರೆ. ಮೊದಲು ಈ ಜಾಗದಲ್ಲಿ ಇದ್ದದ್ದು ಅವರ ಪಂಕ್ಚರ್ ಪೆಟ್ಟಿಗೆ ಒಂದೇ. ಈಗ ಮೊಣಕಾಲು ಮಡಚಲು ಬರುವುದಿಲ್ಲ. "ಅಂಗಡಿ ನಂದ, ಗಿರಾಕಿ ಎಲ್ಲಾ ಅಕಿನ್ನ ಕೇಳಿಕೊಂಡು ಬರ್ತಾರ," ಎನ್ನುತ್ತಾರೆ. ದೂರಿದ ಧಾಟಿಯಲ್ಲಿ ಹೇಳಿದರೂ ಮುಖದಲ್ಲಿ ದೂರಿಲ್ಲ.

ಶೆಡ್ಡಿನ ಒಳಗೆ ಕಾಲಿಟ್ಟು ತಲೆ ಎತ್ತಿದರೆ ಬೇರೆಯದೇ ಲೋಕ. ಜಂತಿಗೆ ಜಂತಿ ಸುತಳಿಯಲ್ಲಿ ತೂಗಿದ ಮಡ್‌ಗಾರ್ಡುಗಳು. ಕೆಂಪು, ಕಪ್ಪು, ನೀಲಿ. ಹೊಸ ಗಾಡಿಗಳ ಹಗುರ ಪ್ಲಾಸ್ಟಿಕ್ಕು, ಹಳೆಯವುಗಳ ದಪ್ಪ ಕಬ್ಬಿಣ. ಗಾಳಿ ಬೀಸಿದರೆ ಮೆಲ್ಲಗೆ ಒಂದಕ್ಕೊಂದು ತಾಗುತ್ತವೆ. ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ರಾಕ್ಷಸ ಊರೂರು ತಿರುಗುತ್ತಿದ್ದ, ಅವನ ಜೀವ ಮಾತ್ರ ಯಾವುದೋ ಗಿಡದ ಪೊಟರೆಯ ಗಿಳಿಯೊಳಗೆ ಇರುತ್ತಿತ್ತು. ಇಲ್ಲಿಯೂ ಹಾಗೇ. ಎಷ್ಟೋ ಹಳೆಯ ಗಾಡಿಗಳು ಕೈಯಿಂದ ಕೈಗೆ ಮಾರಿಹೋಗಿವೆ, ಕೆಲವು ಗುಜರಿ ಸೇರಿವೆ. ಅವುಗಳ ಒಂದು ತುಣುಕು ಜೀವ ಈ ಜಂತಿಯಲ್ಲಿ ತೂಗುತ್ತಿದೆ.

ಇನ್ನು ಹೆಚ್ಚು ದಿನ ಅಲ್ಲ. ರಸ್ತೆ ಅಗಲ ಮಾಡಲು ಶೆಡ್ಡು ಬಿಚ್ಚಬೇಕಾಗಿದೆ, ಆಷಾಢ ಬರುವುದರೊಳಗೆ ಜಾಗ ಖಾಲಿ ಆಗಬೇಕು. ಅದಕ್ಕೆ ರಹೀಮಾಬಿಗೆ ಬೇಸರವೇನಿಲ್ಲ. "ರಸ್ತಾ ಚಲೋ ಆಗ್ಲಿ ತಗೋರಿ. ಬಾಣಂತಿ, ಬಸುರಿ ಓಡಾಡೋ ಹಾದಿ ಇದು." ಈ ಹಂಗಾಮಿನ ಮಡ್‌ಗಾರ್ಡುಗಳಿಗೆ ಊರೊಳಗಿನ ಮನೆಯ ಪಡಸಾಲೆ ಉಂಟು. ಚಿಂತೆ ಇರುವುದು ವಾರಸುದಾರರು ಬಾರದೆ ವರ್ಷಗಟ್ಟಲೆ ಉಳಿದವುಗಳದ್ದು. ಗುಜರಿಯವನು ತಕ್ಕಡಿ ತಂದು ಎರಡು ಸಲ ಕೇಳಿ ಹೋಗಿದ್ದಾನೆ. "ನಂದಲ್ಲದ್ದನ್ನ ನಾ ಹ್ಯಾಂಗ ತೂಗಿ ಕೊಡ್ಲೋ?" ಎಂದು ಎರಡು ಸಲವೂ ಚಹಾ ಕುಡಿಸಿ ಕಳಿಸಿದ್ದಾರೆ. ಶೆಡ್ಡು ಬಿಚ್ಚುವ ಮೊದಲು ಒಂದೊಂದೂ ಅವರವರ ಕೈ ಸೇರಬೇಕು, ಅಷ್ಟೇ ಅವರ ಹಟ.

ಬಂದು ಒಯ್ಯಿರಿ ಎಂದು ಗಾಡಿಯವರ ಬಾಯಿಂದ ಬಾಯಿಗೆ ಸುದ್ದಿ ಬಿಟ್ಟರು. ಶಲವಡಿ, ಅಣ್ಣಿಗೇರಿ, ನವಲಗುಂದ, ಎಲ್ಲ ಕಡೆ ಮುಟ್ಟಿತು. ಮುಂದಿನ ರವಿವಾರ ಶೆಡ್ಡಿನ ಮುಂದೆ ನೆರೆದವರನ್ನು ನೋಡಿದರೆ ಬೀಗರು ಕೂಡಿದ್ದಾರೆ ಅನ್ನಬೇಕು. ಹೆಚ್ಚಿನವರಿಗೆ ಅರವತ್ತು ದಾಟಿದೆ. ಒಬ್ಬೊಬ್ಬರೂ ಒಳಗೆ ಹೋಗಿ, ಕತ್ತು ಮೇಲೆ ಮಾಡಿ, ತಮ್ಮದನ್ನು ಹುಡುಕುತ್ತಾರೆ. ಸಿಕ್ಕ ಕೂಡಲೇ ಮಾತು ಶುರುವಾಗುತ್ತದೆ.

ಶಲವಡಿಯ ರೈತ ಈರಬಸಪ್ಪನವರಿಗೆ ತಮ್ಮ ರಾಜದೂತಿನ ಕರಿ ಮಡ್‌ಗಾರ್ಡು ಸಿಕ್ಕಿತು. ನಡು ಮಳೆಗಾಲದಲ್ಲಿ ಗಾಡಿ ಮಾರಿದ್ದರು, ಕೊಂಡವನು ಇದನ್ನು ಒಯ್ಯಲು ಬರಲೇ ಇಲ್ಲ. ಈಗ ಅದನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. "ಎರಡು ಚೀಲ ಕುಸುಬಿ, ಅದರ ಮ್ಯಾಲ ಒಂದು ಟಗರು, ಟಗರಿನ ಹಿಂದ ನಮ್ಮಾಕಿ. ಏರು ಬಂದ್ರೂ ಉಸ್ಸ್ ಅಂದಿಲ್ಲ ಅದು."

"ಗಾಡಿ ಅಂದಿಲ್ಲ, ನಾ ಅಂದೇನಿ," ಅನ್ನುತ್ತಾರೆ ಜೊತೆಗೆ ಬಂದ ಹೆಂಡತಿ ಶಾರದವ್ವ. "ಸೈಲೆನ್ಸರಿಗೆ ತಾಗಿ ನನ್ನ ಹೊಸಾ ಇಳಕಲ್ ಸೀರಿ ತೂತು ಬಿತ್ತು. ಮನುಷ್ಯಾ ಏನ್ ಕೇಳಿದಾ ಗೊತ್ತೈತೇನು? ಗಾಡಿಗೆ ಏನರೆ ಆತೇನ ಅಂತ."

ಅಣ್ಣಿಗೇರಿಯಲ್ಲಿ ಬೀಜದ ಅಂಗಡಿ ಇಟ್ಟಿರುವ ಸಿದ್ಧಾರೂಢರು ಈರಬಸಪ್ಪನವರ ಬಾಲ್ಯದ ಗೆಳೆಯ. ಅವರದ್ದು ಯಜ್ದಿ. "ಕಿಕ್ ಹೊಡೆಯೋ ಕಡ್ಡೀನೂ ಅದ, ಗೇರ್ ಹಾಕೋ ಕಡ್ಡೀನೂ ಅದ. ಹೊಸಬರಿಗೆ ಕೊಟ್ರ ಹುಡುಕ್ಕೋತ ಕೂಡ್ರತಿದ್ರು. ಮುಂಜಾನೆ ಅದರ ಸಪ್ಪಳ ಕೇಳಿದ್ರನ ನಮ್ಮ ಆಕಳ ಹಾಲು ಇಳಸ್ತಿತ್ತು. ಗಾಡಿ ಮಾರಿದ ಮ್ಯಾಲ ಅದು ವಾರಗಟ್ಲೆ ಒದೀತು."

"ಹಾಲು ಇಳಸ್ತಿತ್ತೋ, ಹೆದರಿ ಬಿಡ್ತಿತ್ತೋ? ಎಣ್ಣಿ ಹೆಚ್ಚ ಸುರದು ಹೊಗಿ ಬಿಡಕೋತ ಹೊಂಟ್ರ ಬೆಣ್ಣಿಹಳ್ಳದ ಗುಂಗಾಡ, ಸೊಳ್ಳಿ ಎಲ್ಲಾ ಊರ ಬಿಡ್ತಿದ್ದುವು," ಎಂದು ಈರಬಸಪ್ಪ ಚುಚ್ಚುತ್ತಾರೆ.

"ನೀ ಮಾತಾಡಬ್ಯಾಡ ಲೇ. ನೀ ಹೊಡೆಯೋ ಪರಿಗೆ ಎತ್ತಿನ ಚಕ್ಕಡ್ಯಾವ್ರು ಹಾರ್ನ್ ಹಾಕಿ ಮುಂದ ಹೊಕ್ಕಿದ್ರು."

ನಗು ತಗ್ಗುತ್ತದೆ. ಈರಬಸಪ್ಪ ಮಡ್‌ಗಾರ್ಡಿನ ಒಳಮೈಗೆ ಬೆರಳಾಡಿಸುತ್ತಾರೆ. ಅಂದಿನ ಮಣ್ಣು ಇನ್ನೂ ಅಂಟಿಕೊಂಡಿದೆ. "ಇದು ನಮ್ಮ ಹೊಲದ್ದ ಮಣ್ಣು," ಎನ್ನುತ್ತಾರೆ, ಯಾರಿಗೂ ಅಲ್ಲದೆ. ಮನೆಗೆ ಒಯ್ದು ಏನು ಮಾಡುತ್ತೀರಿ ಎಂದು ಅವರನ್ನು ಕೇಳುತ್ತೇನೆ. ಶಾರದವ್ವನೇ ಹೇಳುತ್ತಾರೆ: "ನನ್ನ ತೂತಿನ ಸೀರಿ ಜೋಡಿ ಇಡ್ತೀನಿ."

ಸಂಜೆಗೆ ಜಂತಿ ಬಹುಮಟ್ಟಿಗೆ ಬರಿದಾಯಿತು. ಗಾಡಿಯೊಡೆಯರು ತೀರಿಹೋದ ಕಡೆ ಮಗಳು ಬಂದಳು, ಅಳಿಯ ಬಂದ. ಹಳೆಯವುಗಳಲ್ಲಿ ಒಂದೇ ಒಂದು ಉಳಿಯಿತು. ಹಸಿರು ಬಣ್ಣದ ಭಾರದ ಮಡ್‌ಗಾರ್ಡು. ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಕೂತ ಬಸವನ ಚಿತ್ರ. ಬಣ್ಣ ಕಿತ್ತು ಬಸವನಿಗೆ ಒಂದು ಕೋಡಿಲ್ಲ, ಬಿಚ್ಚಿದ ದಿನದಿಂದಲೂ ಹಾಗೇ. ನಂಬರಿನ ಪಟ್ಟಿ ಮೊದಲೇ ಎಲ್ಲಿಯೋ ಕಳಚಿ ಬಿದ್ದಿದೆ.

ಇದಕ್ಕೆ ಚಿಂದಿ ಕಟ್ಟಿಲ್ಲ. ಕಟ್ಟುವ ರೂಢಿ ಇನ್ನೂ ಹುಟ್ಟಿರಲಿಲ್ಲ. ರಹೀಮಾಬಿ ಬಿಚ್ಚಿದ ಮೊಟ್ಟಮೊದಲ ಮಡ್‌ಗಾರ್ಡು ಇದೇ.

ಮೂವತ್ತು ವರ್ಷದ ಹಿಂದಿನ ಮಾತು. ಆಶ್ಲೇಷ ಮಳೆ ಹಿಡಿದುಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಲದ ಹಾದಿಯಿಂದ ಒಬ್ಬ ಗಾಡಿ ನೂಕಿಕೊಂಡು ಬಂದ. ಹಿಂದೆ ಅವನ ಹೆಂಡತಿ, ದಿನ ತುಂಬಿದ ಬಸುರಿ, ಹೊಟ್ಟೆ ಹಿಡಿದುಕೊಂಡು ನಡೆಯುತ್ತಿದ್ದಳು. ನವಲಗುಂದದ ದವಾಖಾನೆಗೆ ಹೋಗಬೇಕು. ಗಾಲಿ ತಿರುಗುತ್ತಿಲ್ಲ. ಬಸ್ಸು ಇಲ್ಲ. ಅಬ್ದುಲ್‌ಸಾಬರು ಕಡ್ಡಿಯಿಂದ ಕೆದರಿದರು. ಸುತ್ತ ಎಲ್ಲ ರಾಡಿಯೇ, ಎರಡು ಸುತ್ತಿಗೆ ಮತ್ತೆ ಕಚ್ಚಿತು.

"ನಾ ಅಂದೆ, ಅದನ್ನ ಬಿಚ್ಚಿ ಒಗೀರಿ ಅಂತ," ರಹೀಮಾಬಿ ನೆನೆಯುತ್ತಾರೆ. "ಇವರು, ಮಡಗಾರ್ಡ ಇಲ್ಲದ ಗಾಡಿ ಯಾರರೆ ಹೊಡೀತಾರೇನು ಅಂದ್ರು. ಮಾರಿಗೆ ರಾಡಿ ಸಿಡದ್ರ ತೊಳಕೋತಾರ, ಮದ್ಲ ಗಾಡಿ ಓಡ್ಲಿ ಅಂದೆ. ಇವರಿನ್ನೂ ವಿಚಾರ ಮಾಡ್ಕೋತ ನಿಂತಿದ್ರು. ನಾನ ಪಾನಾ ಕಸಗೊಂಡೆ. ಅಲ್ಲೀತನಕ ಪಾನಾ ಮುಟ್ಟಿದಾಕಿ ಅಲ್ಲ."

"ಅವತ್ತ ಕಸಗೊಂಡದ್ದು, ಇನ್ನೂ ವಾಪಸ್ ಕೊಟ್ಟಿಲ್ಲ," ಅನ್ನುತ್ತಾರೆ ಅಬ್ದುಲ್‌ಸಾಬ.

ಗಾಡಿ ಹೊರಟಿತು. ಹೊರಡುವಾಗ ಆ ಹೆಂಗಸು ಚಳಿಗೆ ನಡುಗುತ್ತಿದ್ದಳೆಂದು ರಹೀಮಾಬಿ ಒಳಗಿದ್ದ ತಮ್ಮ ಹಳದಿ ಚೌಕುಳಿ ಚಾದರ ತಂದು ಹೊದಿಸಿದರು. ನಾಳೆ ಬಂದು ಚಾದರ ಕೊಟ್ಟು ಮಡ್‌ಗಾರ್ಡು ಒಯ್ಯುತ್ತೇನೆ ಎಂದನಂತೆ ಗಂಡ. ಹೆಸರು ಕೇಳಲು ಯಾರಿಗೂ ಹೊಳೆಯಲಿಲ್ಲ. ನಾಳೆ ಆಯಿತು, ನಾಡಿದ್ದು ಆಯಿತು. ವಾರದ ಮೇಲೆ ಅಬ್ದುಲ್‌ಸಾಬರು ಈ ಮಡ್‌ಗಾರ್ಡನ್ನು ಸೈಕಲ್ಲಿಗೆ ಕಟ್ಟಿಕೊಂಡು ನವಲಗುಂದದವರೆಗೆ ತುಳಿದರು, ಸಿಕ್ಕವರಿಗೆಲ್ಲ ತೋರಿಸಿದರು. ಬಸವನ ಗುರುತು ಯಾರಿಗೂ ಹತ್ತಲಿಲ್ಲ. ಬೇರೆ ತಾಲ್ಲೂಕಿನಿಂದ ನೆಂಟರ ಹೊಲಕ್ಕೆ ಬಂದವರಿರಬೇಕು ಎಂದು ಸುಮ್ಮನಾದರು. ಅಷ್ಟರಲ್ಲಿ ಮಡ್‌ಗಾರ್ಡು ಬಿಚ್ಚಿದ ಸುದ್ದಿ ಹಬ್ಬಿ, ನಮ್ಮದೂ ಬಿಚ್ಚಿಕೊಡಿ ಎಂದು ಇಬ್ಬರು ಬಂದರು, ಆಮೇಲೆ ಹತ್ತು ಮಂದಿ ಬಂದರು. ಇಷ್ಟು ವರ್ಷದ ಅನ್ನ ಹುಟ್ಟಿದ್ದು ಆ ಮಳೆಯಲ್ಲಿ.

"ಅವರದ್ದು ನನ್ನ ಹತ್ರ, ನಂದು ಅವರ ಹತ್ರ. ಬರೋಬರಿ ಆತು," ಎಂದು ರಹೀಮಾಬಿ ನಗುತ್ತಾರೆ. ನಗು ಬೇಗ ಆರುತ್ತದೆ. ಹಸಿರು ಮಡ್‌ಗಾರ್ಡನ್ನು ಪ್ರತಿ ಮಿರಗಕ್ಕೆ ಇಳಿಸಿ, ಎಣ್ಣೆ ಕೈಯಿಂದ ಒರೆಸಿ, ಮತ್ತೆ ಏರಿಸುತ್ತಾ ಬಂದಿದ್ದಾರೆ. ಹಾಗೆ ಒರೆಸುವಾಗೆಲ್ಲ ಒಂದೇ ಪ್ರಶ್ನೆ. ಅವತ್ತು ಗಾಡಿ ಮುಟ್ಟಿತೋ ಇಲ್ಲವೋ? "ಮುಟ್ಟಿದ್ರ ಬರ್ತಿದ್ರು ಅಂತ ಒಂದು ಮನಸ್ಸು. ಕೂಸಿನ ಗದ್ದಲದಾಗ ಮರ್ತಿರ್ಬೇಕು ಅಂತ ಇನ್ನೊಂದು ಮನಸ್ಸು. ಹೊತ್ತು ಹೊತ್ತಿಗೆ ಒಂದೊಂದು ಗೆಲ್ಲತೈತಿ. ಚಲೋ ಇದ್ರ ಆ ಕೂಸಿಗೆ ಈಗ ಮದವಿ ಆಗಿರ್ಬೇಕು ನೋಡು."

ಮಾತು ಮುಗಿದು ಫೋಟೊ ತೆಗೆಯಲು ಕ್ಯಾಮೆರಾ ಎತ್ತಿದರೆ ರಹೀಮಾಬಿ ಕೈ ಅಡ್ಡ ಹಿಡಿಯುತ್ತಾರೆ. ಏಣಿ ಹಾಕಿಸಿ, ತಾವೇ ಏರಿ, ಹಸಿರು ಮಡ್‌ಗಾರ್ಡು ಇಳಿಸಿಕೊಂಡು ಬರುತ್ತಾರೆ. ಸೆರಗಿನಿಂದ ಬಸವನ ಮುಖ ಒರೆಸಿ ಬಿಸಿಲಿಗೆ ಹಿಡಿಯುತ್ತಾರೆ.

"ನನ್ನ ಫೋಟೊ ತಗೊಂಡು ಏನ್ ಮಾಡ್ತಿ ತಂಗಿ? ಅವತ್ತ ಆ ಮಳ್ಯಾಗ ನನ್ನ ಮಾರಿ ಅವರರೆ ಎಲ್ಲೆ ನೋಡ್ಯಾರ? ಪೇಪರಿನ್ಯಾಗ ಇದರದ್ದು ಹಾಕು. ಮುರುಕ ಕೋಡು ಕಾಣಂಗ ಹಾಕು, ಗುರ್ತ ಹತ್ತತೈತಿ. ಶೆಡ್ ಇಲ್ಲದಿದ್ರೂ ಊರಾಗ ನಮ್ಮನಿ ಐತಿ ಅಂತ ಬರಿ." ಮತ್ತೆ ಹೇಳುತ್ತಾರೆ. "ಚಾದರ ಹೊಳ್ಳಿ ಕೊಡೂದು ಬ್ಯಾಡ. ಗಾಡಿ ಇಲ್ಲದಿದ್ರೂ ಬರಲಿ. ಕೂಸು ಹೆಣ್ಣೋ, ಗಂಡೋ, ಅಷ್ಟ ಹೇಳಿ ಇದನ್ನ ಒಯ್ಲಿ."